ಮೂವತ್ತೇಳನೆಯ ಪಿನ್ನಿನ ಕರೆಗಂಟೆ

ಸ್ಫಾಕ್ಸ್ ಪಟ್ಟಣದಲ್ಲಿ ಕಂಪ್ಯೂಟರಿನ ತಿರುಳು ತಂತ್ರಾಂಶವಾದ ಕರ್ನಲ್ ಬಲ್ಲವರು ಇಬ್ಬರೇ: ಒಬ್ಬ ಲಮ್ಜದ್, ಅಂದರೆ ನಾನು, ಇನ್ನೊಬ್ಬನೂ ನಾನೇ. ಸರ್ಕ್ಯೂಟ್ ಬೋರ್ಡು ಮಾಡುವ ಜಕಿಯಾಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಈ ಕಥೆ ನನ್ನದಾಗಿ ಉಳಿಯುವುದಿಲ್ಲ.

ಹಾಜಿ ತಿಜಾನಿಯವರ ಎಣ್ಣೆ ಗಾಣಕ್ಕೆ ನಾವಿಬ್ಬರೂ ಸೇರಿ ಹೊಸ ಕಂಪ್ಯೂಟರ್ ಪೆಟ್ಟಿಗೆ ಕೂರಿಸಿದ್ದೆವು. ತೊಟ್ಟಿಯಲ್ಲಿ ಆಲಿವ್ ತುಂಬಿದ ಕೂಡಲೇ ಸೆನ್ಸರ್ ಚಿಪ್ಪಿನ ಮೂವತ್ತೇಳನೆಯ ಪಿನ್ನನ್ನು ತಟ್ಟಬೇಕು, ಕರ್ನಲ್ಲಿಗೆ ಕರೆಗಂಟೆ ಕೇಳಬೇಕು, ಕಾಯಿ ತರುವ ಬೆಲ್ಟು ನಿಲ್ಲಬೇಕು. ಅದುವರೆಗೆ ಆ ಕೆಲಸ ಮಾಡುತ್ತಿದ್ದುದು ಹಾಜಿಯವರ ಕೊರಳಿನ ಸೀಟಿ. ಅವರು ಊದಿದರೆ ಆಳು ಸ್ವಿಚ್ಚು ಆರಿಸುತ್ತಿದ್ದ.

ಮೊದಲ ದಿನವೇ ತೊಟ್ಟಿ ತುಂಬಿತು, ಬೆಲ್ಟು ನಿಲ್ಲಲಿಲ್ಲ. ಕಾಯಿ ನನ್ನ ಕುತ್ತಿಗೆಯವರೆಗೆ ಏರಿತು. ಈಜಿ ದಡ ಸೇರಿದೆ.

ಹಾಜಿ ಸೀಟಿ ಊದಿದರು. “ಏನಪ್ಪಾ ಪಂಡಿತ, ನಿನ್ ಗಂಟೆಗೆ ಗಂಟಲು ಕಟ್ತಾ? ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ಬರ್ತೀನಿ. ಅಷ್ಟ್ರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ನಿನ್ ಪೆಟ್ಟಿಗೆ ಬೀದೀಗೆ!”

ಜಕಿಯಾ ಕೇಳಿದಳು: “ಆಫೀಸಿನ ಮೇಜಿನ ಮೇಲೆ ಯಾವ ಪಿನ್ ತಟ್ಟಿ ನೋಡಿದ್ದೆ?”

“ನಾಲ್ಕನೇದು. ಸಿಂಹ ಗರ್ಜಿಸ್ದಂಗೆ ಕೇಳ್ತು!”

“ಕೇಳ್ದೇ ಇರುತ್ತಾ? ನಮ್ಮ ಬಿಲ್ಡಿಂಗಿಗೆ ಮೂರು ಕಡೆ ಮೆಟ್ಟಿಲು, ಕಾವಲುಗಾರನ ಕೋಣೇಲಿ ಕಡೆಗೊಂದರಂತೆ ಮೂರು ಗಂಟೆ. ನಿನ್ ಕರ್ನಲ್ಲೇ ಆ ಕಾವಲುಗಾರ, ನೀನು ಅವನಿಗೆ ಮೊದಲನೇ ಗಂಟೆ ಒಂದನ್ನೇ ಕೇಳಿಸ್ಕೋ ಅಂದಿದೀಯ. ಈ ಚಿಪ್ಪಲ್ಲಿ ಹದಿನಾರು ಪಿನ್ನಿಗೊಂದು ಗಂಟೆ ತಂತಿ ಕಣೋ. ನಾಲ್ಕು ಬರೋದು ಮೊದಲನೇದ್ರಲ್ಲಿ, ಮೂವತ್ತೇಳು ಮೂರನೇದ್ರಲ್ಲಿ.”

ಹೋದ ವರ್ಷದ ಚಿಪ್ಪಿನಲ್ಲಿ ಎಲ್ಲ ಪಿನ್ನಿಗೂ ಸೇರಿ ಒಂದೇ ತಂತಿ. ಅದಕ್ಕೆಂದು ಬರೆದಿದ್ದ, ಕರ್ನಲ್ ಓದುವ ವಿವರಪಟ್ಟಿಯನ್ನೇ ನಾನು ನಕಲು ಮಾಡಿದ್ದೆ. ಒಪ್ಪಿಕೊಳ್ಳಲು ನನಗೇನು ಹುಚ್ಚೇ?

“ಪಟ್ಟಿ ಯಾಕೆ ಮುಟ್ಟೋದು? ‘ತುಂಬ್ತಾ, ತುಂಬ್ತಾ’ ಅಂತ ಪಿನ್ನನ್ನೇ ಕೇಳ್ತಾ ಇದ್ರಾಯ್ತು.”

“ನಿಮ್ಮತ್ತೆ ಥರಾನಾ? ಬೇರೆ ಕೆಲಸ ಯಾವಾಗ ಮಾಡುತ್ತೆ ಅದು? ತಂತಿ ಇರೋ ಹಾಗೆ ಬರಿ ಮಾರಾಯ!”

ಬರೆದೆ. ಪಟ್ಟಿಯಲ್ಲಿ ಒಂದೇ ತಂತಿಯ ಅಂಕಿ ಇದ್ದಲ್ಲಿ ಮೂರು ತಂತಿಯ ಅಂಕಿ, ಮೂರೂ ಸಾಲಾಗಿ. ನನ್ನ ಬೆರಳಿನ ವೇಗಕ್ಕೆ ಕೀಲಿಮಣೆಯಿಂದ ಹೊಗೆ ಎದ್ದಿತು.

ಹಾಜಿ ಬಂದವರೇ ಬುಟ್ಟಿಗಟ್ಟಲೆ ಕಾಯಿ ಸುರಿಸಿದರು. ತೊಟ್ಟಿ ತುಂಬಿತು. ಬೆಲ್ಟು ಗಕ್ಕನೆ ನಿಂತಿತು. ಆ ಮೌನ ಕಡಲಾಚೆಯ ಸಿಸಿಲಿಗೂ ಕೇಳಿಸಿತು.

ಜಕಿಯಾ ಹಳೇ ಪಟ್ಟಿಯ ನಕಲಿನ ಕಥೆ ಹೇಳಿದಳು. ಹಾಜಿ ಸೀಟಿ ಬಿಚ್ಚಿ ಅವಳ ಕೈಗಿಟ್ಟರು. “ಇನ್ನು ನಂಗೆ ಬೇಡ ತಾಯಿ. ಇವ್ನು ಹಳೇ ಪಟ್ಟಿಗೆ ಕೈ ಹಾಕಿದಾಗೆಲ್ಲ ಊದು.”

ನಿಜಕ್ಕೂ ಅದು ನನಗೇ ಬಂದ ಬಹುಮಾನ. ಸೀಟಿಯ ದಾರ ನನ್ನ ಕೊರಳಿಗೆ ಗಿಡ್ಡವಾಯಿತು, ಅಷ್ಟೇ.