ಹೀಟರ್ ಹೊತ್ತಿಕೊಳ್ಳದ ಸಂಜೆ

ಕುವೈತಿನಲ್ಲಿ ಮೈ ನಡುಗುವಷ್ಟು ಚಳಿಯಾಗುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅಲೀಮಮ್ಮನೂ ನಂಬಿರಲಿಲ್ಲ. ಮಗ ಫಾರಿಸ್ ವಿಸಿಟ್ ವೀಸಾ ಮಾಡಿಸಿ ಕರೆಸಿಕೊಂಡಾಗ ಅವರು ಉಳ್ಳಾಲದಿಂದ ಹೊತ್ತು ತಂದದ್ದು ಒಣಸಿಗಡಿ, ಹಪ್ಪಳ, ಮಾವಿನಮಿಡಿಯ ಉಪ್ಪಿನಕಾಯಿ. ಬೆಚ್ಚಗಿನ ಬಟ್ಟೆ ಒಂದೂ ಇರಲಿಲ್ಲ. ಜನವರಿಯ ಗಾಳಿ ಬೀಸತೊಡಗಿದ ಮೇಲೆ ಅವರು ಸೊಸೆ ಶಮೀಮಾಳ ಸ್ವೆಟರನ್ನೂ ಅದರ ಮೇಲೆ ಮಗನ ಹಳೆಯ ಜಾಕೆಟನ್ನೂ ತೊಟ್ಟು, ಫಿಂಟಾಸಿನ ಫ್ಲ್ಯಾಟಿನಲ್ಲಿ ಸೋಫಾದ ಮೂಲೆ ಹಿಡಿದು ಕೂತಿರುತ್ತಿದ್ದರು.

ಚಳಿಯನ್ನು ಹೇಗೋ ಸಹಿಸಿಕೊಂಡರು. ಸಹಿಸಲಾಗದ್ದು ಬೇರೆಯೇ ಇತ್ತು. ಒಂದು ಮಧ್ಯಾಹ್ನ ಕೊತ್ತಂಬರಿ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, ಸೊಸೆಯೊಡನೆ ಹೇಳಿಬಿಟ್ಟರು.

"ನನ್ನ ಟಿಕೇಟನ್ನು ಸ್ವಲ್ಪ ಬೇಗಕ್ಕೆ ಮಾಡಿಸಿ ಕೊಡು ಶಮೀಮಾ. ನಾನು ಬಂದದ್ದು ಫಾರಿಸನಿಗೆ ಬೇಡ ಆಗಿದೆ."

ಶಮೀಮಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಏನಾಯಿತೆಂದು ಕೇಳಿದಳು. ಆದದ್ದು ಇಷ್ಟೇ. ಬೆಳಿಗ್ಗೆ ಮಗ ಕಿಟಕಿಯ ಬಳಿ ನಿಂತಿದ್ದಾಗ ಅವರು ಹಿಂದಿನಿಂದ, ಇಲ್ಲಿನ ಕಡಲಿನ ಹತ್ತಿರ ಒಮ್ಮೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ್ದರು. ಅವನು ತಿರುಗಿಯೂ ನೋಡದೆ ಗಾಡಿಯ ಕೀ ತೆಗೆದುಕೊಂಡು ಕೆಲಸಕ್ಕೆ ಹೊರಟುಹೋಗಿದ್ದ. ಅದು ಮೊದಲ ಸಲವಾಗಿದ್ದರೆ ಅವರು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಬಂದಂದಿನಿಂದಲೂ ಹೀಗೆಯೇ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾನೆ, ಇಲ್ಲವೇ ಸುಮ್ಮನೆ ನಗುತ್ತಾನೆ. ನೆರೆಮನೆಯ ಜೈನಬಾ ತೀರಿಕೊಂಡ ಸುದ್ದಿ ಹೇಳಿದಾಗಲೂ ನಕ್ಕಿದ್ದ. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದ ಹೆಂಗಸು ಆಕೆ. ಇಂಥ ಕಲ್ಲುಮನಸ್ಸು ತನ್ನ ಮಗನಿಗೆ ಎಲ್ಲಿಂದ ಬಂತೆಂದು ಅಲೀಮಮ್ಮ ಅಂದಿನಿಂದ ಒಳಗೊಳಗೇ ಕೊರಗುತ್ತಿದ್ದರು.

ಕಾರಣ ಶಮೀಮಾಳಿಗೆ ಗೊತ್ತಿತ್ತು. ಫಾರಿಸನಿಗೆ ತಾಯಿ ಬೇಡವಾಗಿರಲಿಲ್ಲ. ತಾಯಿಯ ಮೆಲುದನಿ ಅವನ ಕಿವಿಗೆ ಬೀಳುತ್ತಿರಲಿಲ್ಲ, ಅಷ್ಟೇ. ಅಹ್ಮದಿಯಲ್ಲಿ ದೊಡ್ಡ ಕಂಪ್ರೆಸರುಗಳ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿ ಸೇರಿದ ಅವನು, ಕಿವಿಗೆ ಮುಚ್ಚಳ ಹಾಕಿಕೊಳ್ಳಲು ಅಸಡ್ಡೆ ಮಾಡಿದ ಹುಡುಗುಪ್ರಾಯದಿಂದ ಗಡ್ಡ ನರೆಯುವವರೆಗೂ ಅದೇ ಗದ್ದಲದಲ್ಲಿ ದುಡಿದಿದ್ದ. ಮೊದಲು ಕಾಲಿಂಗ್ ಬೆಲ್ ಕೇಳಿಸದಾಯಿತು, ಆಮೇಲೆ ಫೋನು, ಆಮೇಲೆ ಹೆಂಗಸರ ಸಣ್ಣ ದನಿ. ಗಂಡಸರ ದಪ್ಪ ಮಾತು, ಎದುರಿಗೆ ನಿಂತು ಆಡಿದ ಮಾತು ಇನ್ನೂ ದಕ್ಕುತ್ತಿತ್ತು. ಒಮ್ಮೆ ಶಮೀಮಾ ಡಾಕ್ಟರರ ಮಾತೆತ್ತಿದಾಗ ಅವನು ಮುಖ ಗಂಟಿಕ್ಕಿದ. ಡಾಕ್ಟರರ ಹತ್ತಿರ ಹೋದರೆ ವಿಷಯ ಕಂಪನಿಗೆ ಮುಟ್ಟುತ್ತದೆ, ಕಿವಿ ಇಲ್ಲದವನನ್ನು ಯಂತ್ರದ ಹತ್ತಿರ ಬಿಡುವುದಿಲ್ಲ, ಆಮೇಲೆ ಕೆಲಸ, ಇಲ್ಲಿ ಇರಲು ಬೇಕಾದ ಇಕಾಮಾ ಎಲ್ಲ ಖಲಾಸ್ ಎಂದ. ಯಾರಿಗೂ ಹೇಳಬಾರದು, ಊರಿನವರಿಗಂತೂ ಹೇಳಲೇಬಾರದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ.

ಕೊಟ್ಟ ಮಾತು ಒಂದು ಕಡೆ, ಸೊಪ್ಪು ಬಿಡಿಸುತ್ತ ಕಣ್ಣೊರೆಸಿಕೊಳ್ಳುವ ಅತ್ತೆ ಇನ್ನೊಂದು ಕಡೆ. ಶಮೀಮಾ ಕಿವಿಯ ವಿಚಾರ ಬಾಯಿಬಿಡಲಿಲ್ಲ. ಟಿಕೇಟಿನ ವಿಚಾರ ನೋಡುವ, ಅದಕ್ಕೆ ಮೊದಲು ಈ ಶುಕ್ರವಾರ ಎಲ್ಲರೂ ವ್ಯಾನಿನಲ್ಲಿ ಮರಳುಗಾಡಿಗೆ ಹೋಗಿ ಬರುವ ಎಂದಷ್ಟೇ ಅಂದಳು. ಫ್ಲ್ಯಾಟಿನಲ್ಲಾದರೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ. ವ್ಯಾನಿನಲ್ಲಿ ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಲೇಬೇಕು. ಎದುರೆದುರು ಕೂತರೆ ತಾಯಿಯ ತುಟಿ ನೋಡಿಯಾದರೂ ಅವನು ಮಾತನಾಡಿಯಾನು ಎಂಬುದು ಅವಳ ಲೆಕ್ಕಾಚಾರ.

ಆ ವ್ಯಾನು ಹಿಂದೊಮ್ಮೆ ಬೇಕರಿಯೊಂದರ ಖುಬ್ಬೂಸ್ ರೊಟ್ಟಿ ಹೊತ್ತು ಅಂಗಡಿ ಅಂಗಡಿಗೆ ತಿರುಗಿದ ಗಾಡಿ. ಮಗಳು ಫರ್ಸಾನಾ ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ ಬಿಕೋ ಎನ್ನುತ್ತಿದ್ದ ರಜಾದಿನಗಳಲ್ಲಿ ಗಂಡಹೆಂಡಿರು ಸೇರಿ ಅದರೊಳಗೆ ಮಂಚ, ಪುಟ್ಟ ಒಲೆ, ಪರದೆ ಎಲ್ಲ ಕೂರಿಸಿದ್ದರು. ಸೀಟಿನ ಕೆಳಗೆ ಫಾರಿಸ್ ಪಾರ್ಕಿಂಗ್ ಹೀಟರ್ ಜೋಡಿಸಿದ್ದ. ಎಂಜಿನ್ ನಿಲ್ಲಿಸಿದ ಮೇಲೂ ಗಾಡಿಯ ಒಳಗನ್ನು ಬೆಚ್ಚಗಿಡುವ ಯಂತ್ರ ಅದು. ಗಾಡಿಯ ತಳದಲ್ಲಿರುವ ಪುಟ್ಟ ಪಂಪು ಟಿಕ್ ಟಿಕ್ ಎನ್ನುತ್ತ ಹನಿ ಹನಿಯಾಗಿ ಡೀಸೆಲ್ ಕಳಿಸುತ್ತದೆ, ಒಳಗೊಂದು ಕಡ್ಡಿ ಕೆಂಪಗೆ ಕಾದು ಅದಕ್ಕೆ ಬೆಂಕಿ ಹಚ್ಚುತ್ತದೆ. ಹೊಗೆ ಕೊಳವೆಯಲ್ಲಿ ಹೊರಗೆ, ಬಿಸಿಗಾಳಿ ಒಳಗೆ.

ಶುಕ್ರವಾರ ಜುಮಾ ನಮಾಝು ಮುಗಿಸಿ ಹೊರಟು ಕಬ್ದ್ ದಾಟಿ, ದೊಡ್ಡ ಡೇರೆಗಳ ಸಾಲನ್ನೂ ಜನರೇಟರುಗಳ ಗೌಜನ್ನೂ ಹಿಂದಕ್ಕೆ ಬಿಟ್ಟು, ಗಟ್ಟಿ ನೆಲ ನೋಡಿ ಗಾಡಿ ನಿಲ್ಲಿಸಿದರು. ದೂರದಲ್ಲಿ ಒಂಟೆಗಳು ಮೇಯುತ್ತಿದ್ದವು. ಮಳೆ ಬಿದ್ದು ಹೋಗಿದ್ದರಿಂದ ಮರಳಿನ ಮೇಲೆ ಅಲ್ಲಲ್ಲಿ ಹಸಿರು ಗರಿ. ಅಲೀಮಮ್ಮ ಅದನ್ನು ಬಾಗಿ ಮುಟ್ಟಿ ನೋಡಿದರು. ಆದರೆ ಬಿಸಿಲು ಇಳಿಯುತ್ತಿದ್ದಂತೆ ಗಾಳಿಯ ಬಾಯಿಗೆ ಹಲ್ಲು ಬಂತು. ಅವರು ವ್ಯಾನಿನೊಳಗೆ ಸೇರಿ ಕಂಬಳಿ ಸುತ್ತಿಕೊಂಡರು. ಫಾರಿಸ್ ಹೀಟರಿನ ಸ್ವಿಚ್ ಒತ್ತಿದ.

ಫ್ಯಾನು ತಿರುಗಿತು. ತಣ್ಣನೆಯ ಗಾಳಿ ಬಂತು. ಇನ್ನೇನು ಬಿಸಿಯಾಗಬೇಕು ಎಂದು ಕಾದರೆ, ಒಂದಷ್ಟು ಹೊತ್ತು ತಣ್ಣಗೇ ಊದಿ, ಸ್ವಿಚ್ಚಿನ ಪುಟ್ಟ ಪರದೆಯ ಮೇಲೆ ದೋಷದ ಗುರುತು ತೋರಿಸಿ ನಿಂತುಬಿಟ್ಟಿತು. ಮತ್ತೊಮ್ಮೆ ಒತ್ತಿದ. ಮತ್ತೂ ಅದೇ ಕತೆ.

ಫಾರಿಸ್ ಗಾಬರಿಪಡಲಿಲ್ಲ. ಕೆಟ್ಟ ಯಂತ್ರದ ಮುಂದೆ ಅವನಷ್ಟು ಸಮಾಧಾನಿ ಇನ್ನೊಬ್ಬನಿರಲಿಲ್ಲ. ಬ್ಯಾಟರಿ ಇಳಿದಿದ್ದರೆ ಕಡ್ಡಿ ಕಾಯುವುದಿಲ್ಲವೆಂದು ಎಂಜಿನ್ ಚಾಲೂ ಇಟ್ಟು ನೋಡಿದ. ಪ್ರಯೋಜನವಾಗಲಿಲ್ಲ. ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚ್ ಬಿಟ್ಟ, ಡೀಸೆಲ್ ಬೇಕಾದಷ್ಟಿತ್ತು. ಚಾಪೆ ಹಾಸಿ ಗಾಡಿಯಡಿಗೆ ತೂರಿಕೊಂಡು, ಗಾಳಿ ಎಳೆಯುವ ಕೊಳವೆಯನ್ನು ಕಳಚಿ ಕೊಡವಿದ. ಬೇಸಿಗೆಯ ಧೂಳುಗಾಳಿ ತುಂಬಿಟ್ಟ ಮರಳು ಒಂದು ಮುಷ್ಟಿ ಉದುರಿತು. ಇದೇ ಇರಬೇಕು ಎಂದು ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ಸ್ವಿಚ್ ಒತ್ತಿದಳು. ಅದೂ ಅಲ್ಲ. ಕೊನೆಗೆ ಪಂಪಿನ ಮೇಲೆ ಬೆರಳಿಟ್ಟ. ಪಂಪು ನಾಡಿಯಂತೆ ಮಿಡಿಯುತ್ತಿತ್ತು. ಡೀಸೆಲ್ ಹೋಗುತ್ತಿದೆ, ಹಾಗಾದರೆ ಒಳಗಿನ ಕಡ್ಡಿಯೇ ಸತ್ತಿರಬೇಕು, ಸೀಟು ಬಿಚ್ಚಿ ಹೀಟರನ್ನೇ ಹೊರಗೆ ತೆಗೆಯಬೇಕು ಎಂದು ಕೂಗಿ ಹೇಳಿದ.

ಶಮೀಮಾ ಬಾಗಿಲ ಬಳಿ ನಿಂತು ಕಿವಿಗೊಟ್ಟಳು. ಕಳೆದ ಚಳಿಗಾಲವಿಡೀ ಆ ಪಂಪಿನ ಸದ್ದು ಕೇಳುತ್ತಲೇ ಅವಳು ನಿದ್ದೆಹೋಗುತ್ತಿದ್ದಳು. ಆಗ ಅದು ಮೆತ್ತಗಿನ ಸದ್ದು, ಹತ್ತಿಯೊಳಗೆ ಬೆರಳು ತಟ್ಟಿದ ಹಾಗೆ. ಈಗಿನದು ಬೇರೆ. ಖಾಲಿ ಡಬ್ಬಿಗೆ ಕಲ್ಲು ತಾಗಿದ ಹಾಗೆ ಟಣ್ ಟಣ್ ಎನ್ನುತ್ತಿತ್ತು.

ಸದ್ದು ಬದಲಾಗಿದೆ ಎಂದು ಬಗ್ಗಿ ಹೇಳಿದಳು. ಗಾಡಿಯಡಿಯಿಂದ ಉತ್ತರವಿಲ್ಲ. ಇನ್ನೂ ಗಟ್ಟಿಯಾಗಿ ಹೇಳಿದಳು. ಸ್ಪ್ಯಾನರ್ ಕೊಡು ಎಂದು ಕೈ ಮಾತ್ರ ಹೊರಗೆ ಬಂತು. ಅವಳು ಸ್ಪ್ಯಾನರ್ ಕೊಡಲಿಲ್ಲ. ಬುರ್ಖಾ ಸರಿಮಾಡಿಕೊಂಡು ಮರಳಿನ ಮೇಲೆ ಬೋರಲು ಮಲಗಿ, ಗಾಡಿಯಡಿಗೆ ತಲೆ ತೂರಿಸಿ, ಟಾರ್ಚಿನ ಬೆಳಕಲ್ಲಿ ಅವನ ಮುಖಕ್ಕೆ ಮುಖ ಕೊಟ್ಟಳು.

"ಪಂಪಿನ ಶಬ್ದ ಹೋದ ವರ್ಷದ ಹಾಗೆ ಇಲ್ಲ. ಒಣಒಣ ಕೇಳ್ತದೆ. ನಿಮಗೆ ಹಾಗೆ ಕಾಣುದಿಲ್ವಾ?"

ಫಾರಿಸ್ ಅವಳನ್ನೇ ನೋಡಿದ. ಹೌದು ಎನ್ನಲು ತಲೆ ಆಡಿಸಹೊರಟವನು ಅರ್ಧಕ್ಕೇ ನಿಲ್ಲಿಸಿದ. ಕೈಯಲ್ಲಿದ್ದ ಟಾರ್ಚನ್ನು ಎದೆಯ ಮೇಲಿಟ್ಟುಕೊಂಡ.

"ನನಗೆ ಶಬ್ದವೇ ಇಲ್ಲ ಶಮೀಮಾ. ಹೋದ ವರ್ಷವೂ ಇರಲಿಲ್ಲ. ಆ ಟಿಕ್ ಟಿಕ್ ಕೇಳಿದ್ರೆ ಒಳ್ಳೆ ನಿದ್ದೆ ಬರ್ತದೆ ಅಂತ ನೀನು ಹೇಳುವಾಗ ನಾನು ಸುಮ್ಮನೆ ಹ್ಞೂಂಗುಟ್ಟಿದ್ದು."

ಕಿವಿ ಮಂದವಾಗಿದೆ ಎಂದು ಅವಳಿಗೆ ಗೊತ್ತಿತ್ತು. ಇಷ್ಟಾಗಿದೆ ಎಂದು ಗೊತ್ತಿರಲಿಲ್ಲ. ತಲೆದಿಂಬಿನ ಪಕ್ಕದಲ್ಲೇ ಇದ್ದವನು ಆ ಎಲ್ಲ ರಾತ್ರಿಗಳಲ್ಲಿ ಬೇರೊಂದು ಲೋಕದಲ್ಲಿ ಮಲಗಿದ್ದನಲ್ಲಾ ಎಂದುಕೊಂಡಳು. ವ್ಯಾನಿನಲ್ಲಿ ಹಾಕಿದ್ದ ಹೊಗೆಯ ಅಲಾರಮ್ಮನ್ನು ಪ್ರತಿಸಲ ತನ್ನ ಕೈಯಿಂದಲೇ ಒತ್ತಿಸಿ, ಕೂಗುತ್ತಾ ಎಂದು ಅವನು ಕೇಳುತ್ತಿದ್ದುದು ಯಾಕೆಂದು ಈಗ ತಿಳಿಯಿತು.

"ನನಗಾದ್ರೂ ಸರಿಯಾಗಿ ಹೇಳ್ಬಹುದಿತ್ತಲ್ಲ," ಎಂದಳು.

"ಬಾಯಿಬಿಟ್ಟು ಹೇಳಿದ್ರೆ ನಿಜವಾಗಿಯೂ ಕಿವುಡ ಆಗಿಬಿಡ್ತೇನೆ ಅಂತ ಹೆದರಿಕೆ," ಎಂದ ಫಾರಿಸ್.

ತನ್ನ ದನಿ ಎಷ್ಟು ದೊಡ್ಡದೆಂಬ ಅಂದಾಜು ಅವನಿಗಿರಲಿಲ್ಲ. ಮೇಲೆ, ತೆರೆದ ಬಾಗಿಲ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಲೀಮಮ್ಮನಿಗೆ ಅದಷ್ಟೂ ಕೇಳಿಸಿತು. ಶಮೀಮಾ ಹೊರಗೆ ಸರಿದು ತಲೆಯೆತ್ತಿದಾಗ ಅತ್ತೆ ಕಂಬಳಿಯ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಕಣ್ಣು ತುಂಬಿತ್ತು. ಈಗ ಏನೂ ಹೇಳಬೇಡ, ಅವನು ಕೆಲಸ ಮುಗಿಸಲಿ ಎಂಬಂತೆ ಅವರು ಸೊಸೆಗೆ ಕೈಯಾಡಿಸಿದರು.

ಒಣ ಸದ್ದು ಎಂದ ಮೇಲೆ ಫಾರಿಸನಿಗೆ ದಾರಿ ಸಿಕ್ಕಿತು. ಪಂಪು ಬಡಿಯುತ್ತಿದೆ, ಆದರೆ ಡೀಸೆಲಿನ ಬದಲು ಗಾಳಿ ನುಂಗುತ್ತಿದೆ. ಬೆರಳಿಗೆ ಎರಡೂ ಒಂದೇ, ಕಿವಿಗೆ ಬೇರೆ ಬೇರೆ. ಟ್ಯಾಂಕಿನಿಂದ ಪಂಪಿನವರೆಗೆ ಕೊಳವೆಯನ್ನು ಬೆರಳಿನಲ್ಲೇ ತಡವುತ್ತ ಹೋದ. ಪಂಪಿಗೆ ಸೇರುವಲ್ಲಿ ರಬ್ಬರು, ಗಾಡಿ ಕುವೈತಿನ ಬೇಸಿಗೆಯಿಡೀ ಬಿಸಿ ಮರಳಿನ ಮೇಲೆ ನಿಂತಿದ್ದರಿಂದ, ಒಣಗಿದ ಹುಣಸೆ ಸಿಪ್ಪೆಯಂತೆ ಬಿರುಕುಬಿಟ್ಟಿತ್ತು. ಕೆಟ್ಟ ತುದಿಯನ್ನು ಕತ್ತರಿಸಿ ತೆಗೆದು, ಒಳ್ಳೆಯ ಭಾಗವನ್ನು ಆಳಕ್ಕೆ ತೂರಿಸಿ, ಕ್ಲಿಪ್ ಬಿಗಿದ.

"ನೀನು ಕೇಳಿಸ್ಕೊಂಡಿರು. ಶಬ್ದ ಮೆತ್ತಗೆ ಆದ ಕೂಡಲೇ ಕೈ ಎತ್ತು," ಎಂದ.

ಅವಳು ಸ್ವಿಚ್ ಒತ್ತಿ, ಅವನಿಗೆ ಕಾಣುವಂತೆ ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ಟಣ್ ಟಣ್ ನಡೆದೇ ಇತ್ತು. ಮೊದಲ ಸಲ ಹೀಟರು ಸೋತು ನಿಂತಿತು. ಇನ್ನೊಮ್ಮೆ ಒತ್ತಿದಳು. ಸೂರ್ಯ ನೆಲಕ್ಕೆ ತಾಗಿ ಮರಳೆಲ್ಲ ಕೆಂಪಾಗುತ್ತಿತ್ತು. ಕೊಳವೆಯ ಗಾಳಿ ಸರಿದು ಡೀಸೆಲ್ ತುಂಬಿಕೊಂಡಂತೆ ಸದ್ದು ಸ್ವಲ್ಪ ಸ್ವಲ್ಪವಾಗಿ ಮಂಕಾಯಿತು, ಆಮೇಲೆ ಪೂರ್ತಿ ಮೆತ್ತಗಾಯಿತು. ಅವಳು ಕೈ ಎತ್ತಿದಳು. ಹೊಗೆಕೊಳವೆ ಒಮ್ಮೆ ಕೆಮ್ಮಿ ಬಿಳಿ ಹೊಗೆ ಉಗುಳಿತು. ಹೊಗೆ ತೆಳುವಾಯಿತು, ಇಲ್ಲವಾಯಿತು. ಒಳಗಿನಿಂದ ಅಲೀಮಮ್ಮ ಬಿಸಿಗಾಳಿಗೆ ಕಾಲು ಚಾಚಿ ಅಲ್‌ಹಮ್ದುಲಿಲ್ಲಾಹ್ ಎಂದರು.

ಫಾರಿಸ್ ಕೈಕಾಲು ತೊಳೆದು ಮಗ್ರಿಬ್ ನಮಾಝು ಮುಗಿಸಿ ಒಳಗೆ ಬಂದಾಗ ತಾಯಿ ಅವನನ್ನು ತಮ್ಮ ಎದುರಿಗೇ ಕೂರಿಸಿಕೊಂಡರು. ಅವನ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದರು. ನಿಧಾನವಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಮೋನೇ, ನಮ್ಮ ಜೈನಬಾ ತೀರಿಹೋದ್ಲು. ಗೊತ್ತುಂಟಾ?"

ಫಾರಿಸನ ಮುಖ ಕಳೆಗುಂದಿತು. ಯಾವಾಗ ಎಂದು ಕೇಳಿದ. ತಾನು ಬರುವ ಮುಂಚೆಯೇ ಎಂದು ಅವರು ಹೇಳಿದರು. ತಾನು ಆ ಸುದ್ದಿಯನ್ನು ಮೊದಲೇ ಹೇಳಿದ್ದೆ, ಅವನು ನಕ್ಕಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ. ಆದರೆ ಅವನಿಗೆ ಅಂದಾಜಾಯಿತು. ಹೆಂಡತಿಯ ಕಡೆ ನೋಡಿದ, ಅವಳು ಹೌದೆಂಬಂತೆ ತಲೆ ತಗ್ಗಿಸಿದಳು. ಅವನು ತಾಯಿಯ ಎರಡೂ ಕೈ ಹಿಡಿದುಕೊಂಡ. "ಉಮ್ಮಾ, ನಾನು ಕೇಳದೆ ನಕ್ಕದ್ದು. ಎಲ್ಲರ ಹತ್ತಿರವೂ ಹಾಗೇ ನಗ್ತೇನೆ," ಎಂದ.

"ಇನ್ನು ನನ್ನ ಹತ್ತಿರ ಹಾಗೆ ನಗ್ಬೇಡ. ಎಂತ ಅಂತ ಕೇಳು. ನೂರು ಸಲ ಬೇಕಾದ್ರೂ ಹೇಳ್ತೇನೆ."

ಆ ಸಂಜೆ ಅವರು ತುಂಬ ಮಾತನಾಡಿದರು. ಅಲೀಮಮ್ಮನ ಬಳಿ ವಾರಗಟ್ಟಲೆಯ ಮಾತು ಬಾಕಿ ಉಳಿದಿತ್ತು. ಕಡಲಿನ ವಿಷಯವೂ ಬಂತು. ಕಿಟಕಿಯಿಂದ ಕಾಣುವ ಕಡಲಿಗೆ ಕರೆದುಕೊಂಡು ಹೋಗಲು ತಾಯಿ ಅಂಗಲಾಚಬೇಕಾಯಿತಲ್ಲಾ ಎಂದು ಫಾರಿಸ್ ನಾಚಿದ. ಟಿಕೇಟಿನ ಮಾತನ್ನು ಅತ್ತೆಯೂ ಎತ್ತಲಿಲ್ಲ, ಸೊಸೆಯೂ ಎತ್ತಲಿಲ್ಲ.

ಮುಂದಿನ ವಾರ ಅವನು ಧೈರ್ಯ ಮಾಡಿ ತನ್ನ ಮೇಲಧಿಕಾರಿ ಮೋನಪ್ಪನವರ ಕೋಣೆಗೆ ಹೋದ. ಪುತ್ತೂರು ಕಡೆಯ ಮನುಷ್ಯ, ಅಹ್ಮದಿಯಲ್ಲೇ ತಲೆ ಬಿಳಿ ಮಾಡಿಕೊಂಡವರು. ಅವರು ಎಲ್ಲ ಕೇಳಿ, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ವಾಕಿಟಾಕಿಯಲ್ಲಿ ಕರೆದರೆ ಫಾರಿಸ್ ಉತ್ತರಿಸುವುದಿಲ್ಲ ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನೇ ಬಂದು ಹೇಳಲಿ ಎಂದು ಕಾದಿದ್ದೆ, ಕಾದದ್ದು ತಪ್ಪಾಯಿತು ಎಂದರು. ಡಾಕ್ಟರರ ವರದಿ ಬಂದ ಮೇಲೆ ಫಾರಿಸನನ್ನು ಶೆಡ್ಡಿನಿಂದ ಬಿಡಿಸಿ, ಬಿಚ್ಚಿ ತಂದ ಬಿಡಿಭಾಗಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿಗೆ ಹಾಕಿದರು. ಓವರ್‌ಟೈಮ್ ಹೋಯಿತು, ಕೆಲಸ ಉಳಿಯಿತು. ಸುಖವಾಗಿ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಶೆಡ್ಡಿನ ಯಂತ್ರಗಳನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ ದಿನ ಅವನು ಊಟ ಮಾಡಲಿಲ್ಲ.

ಕಿವಿಗೆ ಯಂತ್ರ ಬಂದ ಮೊದಲ ದಿನಗಳಲ್ಲಿ ಅವನು ಎಲ್ಲದಕ್ಕೂ ಬೆಚ್ಚುತ್ತಿದ್ದ. ಫ್ರಿಡ್ಜು ಇಷ್ಟು ಗೊಣಗುತ್ತದೆಯೇ ಎಂದ. ಪೇಪರ್ ಮಡಚಿದರೆ ತಗಡು ಹರಿದಂತೆ ಕೇಳುತ್ತದೆ ಎಂದ. ಒಂದು ಸಂಜೆ ಅಡುಗೆಮನೆಯಲ್ಲಿ ಅಲೀಮಮ್ಮ ಸೊಸೆಯ ಕಿವಿಯ ಹತ್ತಿರ ಬಾಗಿ, ಫಾರಿಸ್ ಮಾಡಿದ ಮೀನು ಸಾರಿಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಹೇಗೆ ತಿನ್ನುವುದು ಎಂದು ಪಿಸುಗುಟ್ಟಿದರು.

"ಹುಳಿ ಹಾಕಿದ್ದೇನೆ ಉಮ್ಮಾ, ಉಪ್ಪು ಮರೆತದ್ದು," ಎಂದು ಹಜಾರದಿಂದ ಉತ್ತರ ಬಂತು.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಆಮೇಲೆ ಅಲೀಮಮ್ಮ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.