ನಲವತ್ತನೆಯ ಪಾಠ

ಸ್ಕೇಲನ್ನು ಪಾಠಯೋಜನೆಯ ಪುಸ್ತಕದ ಹಾಳೆಯ ಮೇಲೆ ಒತ್ತಿ ಹಿಡಿದು ಅವಳು ಎರಡನೆಯ ಗೆರೆ ಎಳೆದಳು. ಎಡಗಡೆ ಶಿಕ್ಷಕಿಯ ಚಟುವಟಿಕೆ, ನಡುವೆ ವಿದ್ಯಾರ್ಥಿಗಳಿಂದ ನಿರೀಕ್ಷಿತ ಉತ್ತರ, ಬಲಗಡೆ ಕಪ್ಪುಹಲಗೆಯ ಕೆಲಸ. ಒಲೆಯ ಮೇಲಿನ ಹಾಲಿಗೆ ಒಂದು ಕಿವಿ ಕೊಟ್ಟು, ಅಡುಗೆಮನೆಯ ಮೇಜಿನ ಮೂಲೆಯಲ್ಲೇ ಬರೆಯುತ್ತ ಹೋದಳು. ‘ಒದ್ದೆ ಅಂಗೈಯನ್ನು ಕಪ್ಪುಹಲಗೆಗೆ ಒತ್ತುವುದು. ಗುರುತು ಪೂರ್ತಿ ಮಾಯವಾಗುವ ತನಕ ಮಕ್ಕಳು ಸುಮ್ಮನೆ ನೋಡಬೇಕು. ಪ್ರಶ್ನೆ: ಕೈ ಎಲ್ಲಿ ಹೋಯಿತು?’ ಅದರ ಎದುರಿನ ಉತ್ತರದ ಖಾನೆಯನ್ನು ಖಾಲಿ ಬಿಟ್ಟಳು.

ಪಕ್ಕದಲ್ಲಿ ಅಂಥದೇ ಇನ್ನೊಂದು ಪುಸ್ತಕ ತೆರೆದಿತ್ತು. ಅದರ ಅಂಚು ಹಳದಿಗಟ್ಟಿತ್ತು, ಹೊಲಿಗೆ ಸಡಿಲವಾಗಿತ್ತು. ಅದು ಅಕ್ಕನದು.

ಎರಡು ವರ್ಷದ ವಿಶ್ವವಿದ್ಯಾಲಯದ ಓದು ಮುಗಿದಿತ್ತು, ಪರೀಕ್ಷೆಗಳೂ ಪಾಸಾಗಿದ್ದವು. ತನ್ನ ಅರ್ಧ ವಯಸ್ಸಿನ ಹುಡುಗಿಯರು ‘ಆಂಟಿ, ಬನ್ನಿ’ ಎಂದು ಜಾಗ ಬಿಟ್ಟುಕೊಡುತ್ತಿದ್ದ ಬೆಂಚಿನ ಮೇಲೆ ಕೂತು ಮಕ್ಕಳ ಮನಶ್ಶಾಸ್ತ್ರ ಓದಿದ್ದಾಗಿತ್ತು. ಉಳಿದದ್ದು ಒಂದೇ ಪಾಠ. ನಿಜವಾದ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕಿ ಕೂತು ನೋಡುತ್ತಿರುವಾಗ, ನಲವತ್ತು ಪಾಠ ಮಾಡಬೇಕು. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಅವರ ಅಭಿಪ್ರಾಯ ಮತ್ತು ಸಹಿ ಇರಬೇಕು. ಪುಸ್ತಕ ಬುಧವಾರ ಸಂಜೆ ಐದರೊಳಗೆ ವಿಶ್ವವಿದ್ಯಾಲಯದ ಕೌಂಟರಿಗೆ ಸೇರಿದರೆ ಹೈಸ್ಕೂಲಿನಲ್ಲಿ ಪಾಠ ಹೇಳುವ ಪರವಾನಗಿ. ಸೇರದಿದ್ದರೆ ಮುಂದಿನ ವರ್ಷದ ತಂಡದ ಜೊತೆ.

ಅವಳಿಗೆ ಮುಂದಿನ ವರ್ಷ ಇರಲಿಲ್ಲ. ಹದಿನಾರು ವರ್ಷದಿಂದ ಒಂದು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆದು ಜೋಡಿಸುವ ಕೆಲಸ ಅವಳದು. ಅಲ್ಲಿಯ ವಿಜ್ಞಾನದ ಮೇಷ್ಟರು ನಿವೃತ್ತರಾಗಿ, ಆ ಜಾಗವನ್ನು ಹೆಡ್‌ಮಾಸ್ಟರು ಈ ತಿಂಗಳ ಕೊನೆಯವರೆಗೆ ಅವಳಿಗಾಗಿ ಹಿಡಿದಿಟ್ಟಿದ್ದರು. ತಡವಾದರೆ ಬೇರೆಯವರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದು ಮೊದಲೇ ಹೇಳಿಯೂ ಇದ್ದರು. ಬೀಗ ರಿಪೇರಿ ಮಾಡುವ ಗಂಡ ಅಂಗಡಿಗೆ ಹೊರಡುವಾಗ ದಿನವೂ ಒಂದೇ ತಮಾಷೆ ಮಾಡುತ್ತಿದ್ದ. ನಲವತ್ತು ತುಂಬೋದು ಮೊದಲು ನಿನಗೋ ನಿನ್ನ ಪುಸ್ತಕಕ್ಕೋ ನೋಡೇಬಿಡೋಣ, ಅಂತ.

“ಚಿಕ್ಕೋಳೆ, ಅದನ್ನೊಂದು ಸಲ ಓದು,” ಎಂದಳು ಅಮ್ಮ, ಗೋಡೆಗೆ ಒರಗಿ ಕೂತಲ್ಲಿಂದಲೇ.

ಅದು ಎಂದರೆ ಯಾವುದು ಎಂದು ಕೇಳಬೇಕಾಗಿರಲಿಲ್ಲ. ಅಕ್ಕನ ಪುಸ್ತಕದ ಕೊನೆಯ ಪುಟದ ಕೆಂಪು ಅಕ್ಷರಗಳನ್ನು ಅವಳು ನೋಡದೆಯೇ ಓದಿದಳು. “ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿದರು. ಈ ಪಾಠ ಅವರ ಮನಸ್ಸಿನಲ್ಲಿ ಉಳಿಯುತ್ತದೆ.”

“ಮೈ ಸುಡ್ತಿತ್ತು. ಆದರೂ ಹಾಗೆ ಪಾಠ ಮಾಡಿದಾಳೆ,” ಎಂದಳು ಅಮ್ಮ. ಎಂದಿನಂತೆ, “ನೀನು ಕಳಿಸಿದ್ದು ದಂಡ ಆಗಲಿಲ್ಲ ಬಿಡು,” ಎಂದಳು.

ಇಪ್ಪತ್ತೆರಡು ವರ್ಷಗಳಿಂದ ಅಮ್ಮ ಮಗಳ ನಡುವೆ ಇದ್ದದ್ದು ಕೆಂಪು ಶಾಯಿಯ ಆ ಎರಡು ವಾಕ್ಯಗಳೇ. ಆ ಸೋಮವಾರ, ತನ್ನ ಕೊನೆಯ ಪಾಠದ ದಿನ, ಅಕ್ಕ ಜ್ವರದಲ್ಲಿ ಮಲಗಿದ್ದಳು. ಎದ್ದು ಹೋಗಬೇಡ ಎಂದು ಅಮ್ಮ ಹೇಳಿದ್ದಳು. ಹದಿನೇಳರ ತಂಗಿ ಮಾತ್ರ ಅಕ್ಕನ ಜಡೆ ಬಿಚ್ಚಿ ಬಾಚುತ್ತ, ಒಂದೇ ಒಂದು ಪಾಠ ತಾನೇ, ಮುಗಿಸಿ ಬಂದು ಹಾಯಾಗಿ ಮಲಕ್ಕೋ ಎಂದಿದ್ದಳು. ಅಕ್ಕನಿಗೆ ಕೆಲಸ ಸಿಕ್ಕ ಮೇಲೆ ಅವಳ ಜೊತೆಗೇ ಹೋಗಿ ಕಾಲೇಜು ಸೇರುವ ಆಸೆ ತಂಗಿಯದು. ಜಡೆ ಹೆಣೆದು, ರಿಬ್ಬನ್ ಕಟ್ಟಿ, ಪುಸ್ತಕ ಕೈಗೆ ಕೊಟ್ಟು ಬಾಗಿಲವರೆಗೆ ಹೋಗಿ ಕಳಿಸಿದ್ದಳು.

ಮಧ್ಯಾಹ್ನ ಬರಿಗೈಯಲ್ಲಿ ಬಂದ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮತ್ತೆ ಏಳಲಿಲ್ಲ. ಪಾಠ ಆಯ್ತಾ ಎಂದರೆ “ಗುರುವಾರ” ಎಂದಳು. ನೀರು ಬೇಕಾ ಎಂದರೂ “ಗುರುವಾರ”. ಜ್ವರದ ಬಡಬಡಿಕೆ ಎಂದುಕೊಂಡರು. ಬುಧವಾರ ಬೆಳಕು ಹರಿಯುವಾಗ ಅಕ್ಕ ತೀರಿಹೋದಳು. ಅಮ್ಮ ಮಾತ್ರ ಆ ಮಾತನ್ನು ಬೇರೆ ಥರ ಹಿಡಿದುಕೊಂಡಳು. ಇವತ್ತಿಗೂ ಗುರುವಾರ ಬಂದರೆ ಮುಂಬಾಗಿಲಿಗೆ ಚಿಲಕ ಹಾಕಲು ಬಿಡುವುದಿಲ್ಲ. ಬರ್ತೀನಿ ಅಂದೋಳು ಬಂದು ಕದ ತಟ್ಟಿ ನಿಲ್ಲಬೇಕಾ, ಎನ್ನುತ್ತಾಳೆ. ಇಡೀ ಬೀದಿಯಲ್ಲಿ ವಾರಕ್ಕೊಂದು ದಿನ ಚಿಲಕವಿಲ್ಲದ ಮನೆ ಎಂದರೆ ಬೀಗದವನ ಮನೆಯೇ.

ತಿಂಗಳಾದ ಮೇಲೆ ಕಾಲೇಜಿನ ಜವಾನ ಪುಸ್ತಕ ತಂದುಕೊಟ್ಟು ಹೋಗಿದ್ದ. ಅಲ್ಲಿಯವರೆಗೆ ಅಮ್ಮ ಅವಳ ಜೊತೆ ಮಾತಾಡಿರಲಿಲ್ಲ. ಓದು ಬಾರದ ಅಮ್ಮ ಕೊನೆಯ ಪುಟದ ಕೆಂಪು ಅಕ್ಷರವನ್ನು ಅವಳಿಂದ ಓದಿಸಿಕೊಂಡ ದಿನ, ಮೊದಲ ಸಲ, ಉಂಡೆಯಾ ಎಂದು ಕೇಳಿದ್ದಳು.

ಆ ಪುಸ್ತಕದಲ್ಲಿ ಅಕ್ಕನದೇ ಒಂದು ಕ್ರಮವಿತ್ತು. ಪ್ರತಿ ಪಾಠದ ಕೊನೆಯ ಪ್ರಶ್ನೆಗೆ ನಿರೀಕ್ಷಿತ ಉತ್ತರ ಬರೆಯುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಯಾವುದೋ ಮಗು ನಿಜವಾಗಿ ಹೇಳಿದ್ದನ್ನು ಪೆನ್ಸಿಲಿನಲ್ಲಿ ತುಂಬುತ್ತಿದ್ದಳು. ‘ಬೇರು ನೀರು ಕುಡಿಯೋದು ಯಾರೂ ನೋಡದಿದ್ದಾಗ’ ಎಂದು ಒಂದು ಕಡೆ. ‘ನೆರಳಿಗೆ ಕಣ್ಣಿಲ್ಲ ಮಿಸ್, ಅದಕ್ಕೇ ನಮ್ಮ ಹಿಂದೆ ಬರುತ್ತೆ’ ಎಂದು ಇನ್ನೊಂದು ಕಡೆ. ಮೂವತ್ತೊಂಬತ್ತು ಪುಟಗಳಲ್ಲಿ ಪೆನ್ಸಿಲಿನ ಸಾಲು ಇತ್ತು, ನಲವತ್ತನೆಯದರಲ್ಲಿ ಇರಲಿಲ್ಲ. ಜ್ವರದಲ್ಲಿ ಕೈ ಓಡಿರಲಿಕ್ಕಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಆ ಕ್ರಮವನ್ನೇ ತನ್ನ ಪುಸ್ತಕದಲ್ಲೂ ಇಟ್ಟುಕೊಂಡಿದ್ದಳು. ಮೂವತ್ತೊಂಬತ್ತು ಪಾಠಗಳನ್ನು ತಾನೇ ಯೋಚಿಸಿ ಬರೆದು, ಕೊನೆಯದಕ್ಕೆ ಅಕ್ಕನ ನಲವತ್ತನೆಯ ಪಾಠವನ್ನೇ ಎತ್ತಿಟ್ಟುಕೊಂಡಿದ್ದಳು.

ಹಾಲು ಉಕ್ಕಿತು. ಎದ್ದು ಒಲೆ ಆರಿಸಿ, ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಭ್ಯಾಸ ಪಾಠದ ಶಾಲೆಯಲ್ಲಿ ಬೆಂಚುಗಳನ್ನು ಎಳೆದಾಡುವ ಸದ್ದು. ಗೋಡೆಗಳ ಮೇಲೆ ಪರೀಕ್ಷೆಯ ನಂಬರು ಅಂಟಿಸುತ್ತಿದ್ದರು. ದಿಢೀರನೆ ಮೇಲಿನಿಂದ ಆದೇಶ ಬಂದು ಪರೀಕ್ಷೆ ಒಂದು ವಾರ ಮುಂಚೆಯೇ ಶುರುವಾಗುವುದಿತ್ತು. ಬುಧವಾರದವರೆಗೆ ಯಾವ ತರಗತಿಯಲ್ಲೂ ಪಾಠವಿಲ್ಲ.

ಸ್ಟಾಫ್ ರೂಮಿನಲ್ಲಿ ಮಾರ್ಗದರ್ಶಕಿ ಒಬ್ಬರೇ ಕೂತು ಉತ್ತರಪತ್ರಿಕೆಗೆ ಕಟ್ಟುವ ದಾರವನ್ನು ಗೇಣುದ್ದಕ್ಕೆ ಕತ್ತರಿಸುತ್ತಿದ್ದರು. ದೊಡ್ಡ ಮೇಡಂ ಎಂದೇ ಅವರ ಹೆಸರು. ಈ ವರ್ಷ ಅವರಿಗೂ ನಿವೃತ್ತಿ. ಮೊದಲ ಪಾಠದ ದಿನವೇ ಅವರ ಸಹಿಯನ್ನು ಅವಳು ಗುರುತು ಹಿಡಿದಿದ್ದಳು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಅದೇ ಸಹಿ ಅಕ್ಕನ ಪುಸ್ತಕದಲ್ಲೂ ಇತ್ತು. ಆದರೂ ತಾನು ಯಾರ ತಂಗಿ ಎಂದು ಹೇಳಿರಲಿಲ್ಲ. ನಲವತ್ತೂ ಮುಗಿದ ದಿನ ಕೇಳಬೇಕು, ಅಕ್ಕನ ಆ ಕೊನೆಯ ಪಾಠ ಹೇಗಿತ್ತು, ಯಾವ ಮಗು ಏನು ಹೇಳಿತು, ಎಂಬ ಒಂದು ಮಾತನ್ನು ನಾಲಿಗೆಯ ತುದಿಯಲ್ಲಿ ಹಿಡಿದುಕೊಂಡೇ ಇಲ್ಲಿಯವರೆಗೆ ಬಂದಿದ್ದಳು.

“ಗುರುವಾರ ಎರಡನೇ ಪೀರಿಯಡ್ ಎಂಟನೇ ಕ್ಲಾಸು ಸಿಗುತ್ತೆ. ಆದರೆ ನಿನಗೆ ಬುಧವಾರವೇ ಕಡೇ ದಿನ ಅಲ್ವಾ? ಕೊಡು ಇಲ್ಲಿ,” ಎಂದು ಮೇಡಂ ಕೈ ಚಾಚಿದರು.

“ಪಾಠ ಆಗಿಲ್ಲವಲ್ಲ ಮೇಡಂ.”

“ಮೂವತ್ತೊಂಬತ್ತು ನೋಡಿದೀನಿ ಕಣಮ್ಮ. ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಯೆಲ್ಲ ಹಿಚುಕಬೇಕಾ?”

ಕೆಂಪು ಪೆನ್ನು ಆಗಲೇ ಓಡುತ್ತಿತ್ತು. ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಅವಳು ಒಂದೊಂದಾಗಿ ಓದಿಕೊಂಡಳು. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳಿದರು. ಮುಂದಿನ ವಾಕ್ಯ ಏನೆಂದು ಅದು ಹಾಳೆಗೆ ಇಳಿಯುವ ಮೊದಲೇ ಅವಳಿಗೆ ಗೊತ್ತಿತ್ತು.

ಸಹಿ ಸುತ್ತಿ ಮುಗಿಸಿದ ಮೇಲೆ ಮೇಡಂ ಪುಟದ ಮೇಲ್ಭಾಗ ನೋಡಿ ನಕ್ಕರು. ಕೊನೆಯ ಪ್ರಶ್ನೆಯ ಉತ್ತರದ ಖಾನೆ ಖಾಲಿ ಬಿಟ್ಟಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಹಿಂದೆ ಹೀಗೇ ಬಿಡುವ ಹುಡುಗಿಯೊಬ್ಬಳಿದ್ದಳು ಎಂದರು. ಎಷ್ಟೋ ಜನ ಬಂದು ಹೋದರು, ಮುಖ ನೆನಪಿಲ್ಲ, ಆದರೆ ಆ ಖಾಲಿ ಖಾನೆ ನೆನಪಿದೆ ಎಂದರು. ಕೊನೆಯ ಪಾಠಕ್ಕೆ ಅವಳು ಮೈಯೆಲ್ಲ ಕೆಂಡವಾಗಿ ಬಂದಿದ್ದಳಂತೆ.

“ನೀನು ಕೂತಿದೀಯಲ್ಲ, ಅಲ್ಲೇ ಕೂರಿಸಿ ನೀರು ಕೊಟ್ಟೆ. ಕ್ಲಾಸಿನೊಳಗೆ ಬಿಡಲಿಲ್ಲ ನಾನು. ಸಹಿ ಹಾಕಿ ಕೊಡ್ತೀನಿ, ಮನೆಗೆ ಹೋಗು ಅಂದರೆ ಒಪ್ಪಲಿಲ್ಲ. ಗುರುವಾರ ಬರ್ತೀನಿ ಮೇಡಂ, ಮಕ್ಕಳು ಏನು ಹೇಳ್ತಾರೋ ನಾನು ಕೇಳಬೇಕು ಅಂದ್ಲು. ಪುಸ್ತಕ ಇಲ್ಲೇ ಬಿಟ್ಟು ಹೋದ್ಲು.” ಮೇಡಂ ಇನ್ನೊಂದು ದಾರ ಕತ್ತರಿಸಿದರು. “ಆ ಜ್ವರದಲ್ಲಿ ಯಾಕೆ ಮತ್ತೆ ಬರಬೇಕು ಪಾಪ ಅಂತ, ಅವಳು ಆ ಕಡೆ ಹೋಗ್ತಿದ್ದ ಹಾಗೇ ಸಹಿ ಹಾಕಿ ಕಾಲೇಜಿಗೆ ಕಳಿಸಿಬಿಟ್ಟೆ. ಬರಲೂ ಇಲ್ಲ.”

“ಆಮೇಲೆ?” ಎಂದಳು.

“ಆಮೇಲೇನು. ದೂರದಲ್ಲೆಲ್ಲೋ ಕೆಲಸ ಆಗಿರಬೇಕು. ಈಗ ಹೆಡ್‌ಮಿಸ್ಸೇ ಆಗಿರ್ತಾಳೆ. ಒಂದು ಸಲ ಬಂದು ಮಾತಾಡಿಸಿಕೊಂಡು ಹೋಗಬಹುದಿತ್ತು. ಹತ್ತಿದ ಮೇಲೆ ಏಣಿ ಯಾರಿಗೆ ನೆನಪಿರುತ್ತೆ ಬಿಡು.”

ಹೇಳಿಬಿಡಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಮೇಡಂ ಕನ್ನಡಕದ ಮೇಲಿಂದ ಅವಳನ್ನೇ ನೋಡಿ, ಯಾಕೆ ಮುಖ ಬಾಡಿದೆ, ಬಿಸಿಲಲ್ಲಿ ನಡೆದು ಬಂದೆಯಾ, ಎಂದು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಅದೇ ಕುರ್ಚಿಯಲ್ಲಿ ಕೂತು ಅವಳು ಆ ನೀರನ್ನು ಕುಡಿದಳು. ಎಲ್ಲೋ ದೂರದ ಊರಿನಲ್ಲಿ ಒಂದು ಶಾಲೆ, ಅದರ ದೊಡ್ಡ ಕೋಣೆಯಲ್ಲಿ ನಲವತ್ತೈದು ವರ್ಷದ ಅಕ್ಕ, ಕಿವಿಯ ಪಕ್ಕ ಎರಡೆಳೆ ನರೆ. ಅಷ್ಟು ಸ್ಪಷ್ಟವಾಗಿ ಅಕ್ಕನನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಲೋಟ ಕೆಳಗಿಟ್ಟು, ಬರ್ತೀನಿ ಮೇಡಂ ಎಂದು ಎದ್ದಳು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಆಯ್ತಾ ಎಂದು ಕೇಳಿದಳು. ಸಹಿ ಆಯ್ತು ಎಂದಳು ಅವಳು. ಏನು ಬರೆದಿದ್ದಾರೆ ಓದು ಎಂದಾಗ ಓದಿದಳು.

“ಅಕ್ಕನಿಗೆ ಬರೆದ ಹಾಗೇ,” ಎಂದಳು ಅಮ್ಮ, ಸೆರಗಿನಿಂದ ಕಣ್ಣೊತ್ತಿಕೊಂಡು. “ಅಕ್ಷರ ಅಕ್ಷರ.”

“ಹೂಂ,” ಎಂದಳು ಅವಳು.

ಆಮೇಲಿನ ಎರಡು ದಿನ ಆ ಖಾಲಿ ಖಾನೆ ಅವಳ ಬೆನ್ನು ಬಿಡಲಿಲ್ಲ. ಪಾತ್ರೆ ಉಜ್ಜುವಾಗ ಬೂದು ಗೋಡೆಯ ಮೇಲೆ, ಬಸ್ಸಿನ ಕಿಟಕಿಯಲ್ಲಿ, ಅಂಗಡಿಗಳ ಮುಚ್ಚಿದ ಬಾಗಿಲ ಮೇಲೆ ಎರಡು ಗೆರೆ, ನಡುವೆ ಬಿಳಿ. ಅಕ್ಕ ಬಡಬಡಿಸಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಳು. ಪಾಠ ಆಯ್ತಾ, ಗುರುವಾರ. ಅಕ್ಕನ ಆ ತರಗತಿಯ ಮೂವತ್ತೆಂಟು ಮಕ್ಕಳು ಇನ್ನೂ ಅಲ್ಲೇ ಕೂತಿರುವಂತೆ, ಯಾರೋ ಒಳಗೆ ಬಂದು ಒದ್ದೆ ಕೈ ಒತ್ತಲಿ ಎಂದು ಕಾಯುತ್ತಿರುವಂತೆ ಅವಳಿಗೆ ತೋರುತ್ತಿತ್ತು. ಆ ಸಹಿ ಇಲ್ಲದಿದ್ದರೆ, ಆ ಪಾಠ ಏನಾಯಿತು ಎಂದು ಯಾರಾದರೂ ಒಮ್ಮೆ ಕೇಳಿರುತ್ತಿದ್ದರು. ಕೆಂಪು ಶಾಯಿ ಅದನ್ನು ಮುಗಿದ ಪಾಠ ಮಾಡಿಬಿಟ್ಟಿತ್ತು.

ಬುಧವಾರ ನಾಲ್ಕು ಗಂಟೆಗೆ ಅವಳು ಪ್ರಯೋಗಾಲಯದಲ್ಲಿ ಕೊನೆಯ ಸಾಲಿನ ಕೊಳವೆಗಳನ್ನು ತೊಳೆಯುತ್ತಿದ್ದಳು. ಉದ್ದ ಬ್ರಷ್ಷನ್ನು ತಳದವರೆಗೆ ತೂರಿಸಿ, ಮೂರು ಸುತ್ತು ತಿರುಗಿಸಿ, ಬೆಳಕಿಗೆ ಹಿಡಿದು, ಬಾಯಿ ಕೆಳಗೆ ಮಾಡಿ ಮರದ ಚೌಕಟ್ಟಿಗೆ ಸಿಕ್ಕಿಸಬೇಕು. ವಿಶ್ವವಿದ್ಯಾಲಯದ ಕೌಂಟರು ಅಲ್ಲಿಂದ ಕಾಲು ಗಂಟೆಯ ನಡಿಗೆ. ಚೀಲ ಗೂಟಕ್ಕೆ ತೂಗುಬಿದ್ದಿತ್ತು.

ಹೆಡ್‌ಮಾಸ್ಟರು ಬಾಗಿಲಲ್ಲಿ ಇಣುಕಿದರು. “ಇನ್ನೂ ಇಲ್ಲೇ ಇದೀಯಲ್ಲಮ್ಮ. ಐದಕ್ಕೆ ಮುಚ್ಚಿಬಿಡ್ತಾರೆ. ಅದನ್ನೆಲ್ಲ ನಾಳೆ ತೊಳೆದರಾಯ್ತು.” ನಾಳೆಯಿಂದ ತೊಳೆಯೋಕೆ ಬೇರೆಯವರನ್ನ ಹುಡುಕಬೇಕು ನಾನು, ಎಂದು ತಾವೇ ನಕ್ಕರು.

“ಹೊರಟೆ ಸಾರ್,” ಎಂದಳು. ಅವರ ಚಪ್ಪಲಿಯ ಸದ್ದು ಮೊಗಸಾಲೆಯ ಕೊನೆಗೆ ಹೋಗಿ ನಿಂತಿತು.

ಕೈ ಒರೆಸಿಕೊಂಡು ಪುಸ್ತಕ ತೆಗೆದಳು. ಕೆಂಪು ಶಾಯಿಯ ಹಾಳೆಯನ್ನು ಹೊಲಿಗೆಯ ಪಕ್ಕಕ್ಕೆ ಬ್ಲೇಡು ಆನಿಸಿ ಒಂದೇ ಎಳೆತಕ್ಕೆ ಬಿಡಿಸಿದಳು. ಅದನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಸೇರಿಸಿದಳು. ಪುಸ್ತಕದ ಕೊನೆಯಲ್ಲಿ ಒಂದು ಬಿಳಿ ಹಾಳೆ ಉಳಿದಿತ್ತು. ಸ್ಕೇಲು ಒತ್ತಿ ಹಿಡಿದು ಎರಡು ಗೆರೆ ಎಳೆದಳು. ಪಾಠವನ್ನು ಮೊದಲಿನಿಂದ ಬರೆದಳು. ಅಕ್ಷರ ಗುಂಡಗೆ, ಅವಸರವಿಲ್ಲದೆ ಬಂತು. ಮೇಲ್ಗಡೆ ದಿನದ ಜಾಗದಲ್ಲಿ ‘ಗುರುವಾರ, ಎರಡನೇ ಪೀರಿಯಡ್’ ಎಂದು ಬರೆದಳು. ಪೆನ್ಸಿಲನ್ನು ಕೆತ್ತಿ, ಚೂಪು ನೋಡಿ, ಪುಟದ ನಡುವೆ ಇಟ್ಟಳು.

ಗಡಿಯಾರ ಐದಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಅವಳು ನಲ್ಲಿ ತಿರುಗಿಸಿ ಕೈ ಒದ್ದೆ ಮಾಡಿಕೊಂಡಳು. ಕೊಳವೆಗಳ ಪಕ್ಕದ ಕರಿಕಲ್ಲಿನ ಮೇಜಿನ ಮೇಲೆ ಅಂಗೈಯನ್ನು ಒತ್ತಿ, ಎತ್ತಿ, ನೋಡುತ್ತ ನಿಂತಳು. ಮೊದಲು ಅಂಗೈಯ ನಡುಭಾಗ ಹೋಯಿತು. ಆಮೇಲೆ ಹೆಬ್ಬೆರಳು. ದೂರದಲ್ಲಿ ಜವಾನ ಒಂದೊಂದೇ ಕಿಟಕಿ ಮುಚ್ಚುತ್ತ ಬರುತ್ತಿದ್ದ. ಕಿರುಬೆರಳಿನ ತುದಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಹೊಳೆಯುತ್ತಿತ್ತು.