ಅತ್ತೆ ಕೇಳಿದ ಕಥೆ

ರಾವಂದೂರಿನ ಪದ್ಮಶ್ರೀಗೆ ಕಥೆ ಬರೆಯುವ ಹುಚ್ಚು ಹತ್ತಿಸಿದ್ದು ಮೊಬೈಲು. ವಾರಕ್ಕೊಂದು ವಿಷಯ ಕೊಟ್ಟು ಕಥೆ ಬರೆಸುವ ಜಾಲತಾಣವೊಂದು ಅವಳ ಕಣ್ಣಿಗೆ ಬಿದ್ದಿತ್ತು. ಮೊದಲ ಸಾಲು ಹೇಗಿರಬೇಕು, ಮಾತು ಹೇಗೆ ಬರೆಯಬೇಕು ಎಂದು ಅಲ್ಲಿನವರು ವಿಡಿಯೊ ಮಾಡಿ ಹೇಳಿಕೊಡುತ್ತಿದ್ದರು. ಚೆನ್ನಾಗಿದ್ದ ಕಥೆಯನ್ನು ಓದಿ ಕೇಳಿಸುತ್ತಲೂ ಇದ್ದರು. ಹೋದ ವಾರದ ವಿಷಯ ‘ಮನೆಯವರ ಒಂದು ಗುಟ್ಟು’. ಪದ್ಮಶ್ರೀ ಹಿಂದೆಮುಂದೆ ನೋಡದೆ ಅತ್ತೆ ರುಕ್ಮಿಣಮ್ಮನವರ ಗುಟ್ಟನ್ನೇ ಬರೆದು, ಬೇರೆ ಹೆಸರಿಟ್ಟುಕೊಂಡು ಕಳಿಸಿಬಿಟ್ಟಳು. ಇದನ್ನೆಲ್ಲ ನಮ್ಮೂರಲ್ಲಿ ಯಾರು ಓದುತ್ತಾರೆ ಅನ್ನುವ ಧೈರ್ಯ ಪುಣ್ಯಾತ್ಗಿತ್ತಿಗೆ!

ಯಾರೂ ಓದಲಿಲ್ಲ ನಿಜ, ಕೇಳಿದರು. ಅವತ್ತು ಚಪ್ಪರದಡಿ ಅತ್ತೆಯೂ ಸೇರಿ ಏಳೆಂಟು ಹೆಂಗಸರು ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಸಂಜೆಯೊಳಗೆ ಕಡ್ಡಿಗಳೆಲ್ಲ ಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್ ಸೇರಬೇಕು. ಕೆಲಸ ಬೇಸರವಾಗದಿರಲೆಂದು ಪದ್ಮಶ್ರೀಯೇ ಮೊಬೈಲಿನಲ್ಲಿ ಕಥೆ ಹಾಕಿ ಕಂಬಕ್ಕೆ ಒರಗಿಸಿದ್ದಳು. ಒಂದು ಮುಗಿದು ತಾನಾಗಿ ಇನ್ನೊಂದು ಶುರುವಾಯಿತು. ಅವಳದೇ!

ನಿಲ್ಲಿಸೋಣವೆಂದು ಪದ್ಮಶ್ರೀ ಎದ್ದು ಹೋಗಿ ಒತ್ತಿದರೆ, ಸೊಪ್ಪಿನ ಕಪ್ಪು ಅಂಟು ಮೆತ್ತಿದ ಬೆರಳಿಗೆ ಜಪ್ಪಯ್ಯ ಅಂದರೂ ಮೊಬೈಲು ಬಗ್ಗಲಿಲ್ಲ.

“ಯಾಕಮ್ಮಿ ನಿಲ್ಲುಸ್ತೀಯ? ಚೆಂದಾಗದೆ, ಬುಡು,” ಅಂದಳು ಪಕ್ಕದ ಮನೆಯ ಮರಮ್ಮ.

ಕಥೆಯ ಅತ್ತೆ ನಾಲ್ಕು ಜನರೆದುರು ಸೊಸೆಯ ಸಾರನ್ನು ಬರೀ ನೀರು ಅಂತ ಜರೆಯುತ್ತಾಳೆ. ಆಮೇಲೆ ಯಾರೂ ಇಲ್ಲದಾಗ ಅಡುಗೆಮನೆಯ ಮೂಲೆಯಲ್ಲಿ ನಿಂತು ಅದೇ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾಳೆ. ಬಾಗಿಲ ಸಂದಿಯಿಂದ ಕಂಡ ಸೊಸೆ ಸದ್ದಿಲ್ಲದೆ ವಾಪಸ್ಸು ಹೋಗುತ್ತಾಳೆ.

ಪದ್ಮಶ್ರೀಯ ಸಾರನ್ನು ಯಾರು ಹಾಗೆ ಜರೆಯುತ್ತಾರೆಂದು ಬೀದಿಗೆಲ್ಲ ಗೊತ್ತು. ಹೆಂಗಸರು ರುಕ್ಮಿಣಮ್ಮನವರ ಕಡೆ ನೋಡಿ ನೋಡಿ ನಕ್ಕರು. ಅವರು ನಗಲಿಲ್ಲ. ಎದುರಿಗೆ ಹೊಗಳಿದರೆ ಸೊಸೆಗೆ ದೃಷ್ಟಿಯಾಗುತ್ತದೆ ಎಂದು ನಂಬಿದ್ದ ಜೀವ ಅದು. ಪದ್ಮಶ್ರೀಗೆ ಜ್ವರ ಬಂದರೆ ತಾವು ಊಟ ಬಿಡುವವರು. ಅಂಥವರ ಮಾನ ಕಳೆದೆನಲ್ಲ ಎಂದು ಅವಳಿಗೆ ಅಳುವೇ ಬಂತು.

“ಎಂಗದೆ ರುಕ್ಮಿಣಕ್ಕ ಕಥೆ?” ಮರಮ್ಮ ಕೆಣಕಿದಳು.

ರುಕ್ಮಿಣಮ್ಮ ಕಡ್ಡಿಯ ಕೊನೆಗೆ ಗಂಟು ಬಿಗಿದು ಸೊಸೆಯನ್ನೇ ನೋಡಿದರು. “ಕಥೆ ಚೆಂದಾಗದೆ ಕಣ. ಆದ್ರೆ ಆ ಸೊಸೆ ಯಾಕೆ ವಾಪಸ್ ಹೋದ್ಲು? ಒಳೀಕೆ ಬಂದು, ಅತ್ತೆ, ಕುಂತ್ಕಂಡು ಉಣ್ಣಿ ಅಂದಿದ್ರೆ ಏನೋಯ್ತಿತ್ತು?”

ಇದನ್ನು ಪದ್ಮಶ್ರೀಗೆ ಯಾವ ವಿಡಿಯೊದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ಹೆಂಗಸರೆಲ್ಲ ಉಂಡು ಎದ್ದ ಮೇಲೆ ಅವಳು ಚಾಪೆ ಹಾಸಿ, ಅತ್ತೆಯ ತಟ್ಟೆಗೆ ಮುದ್ದೆಯಿಟ್ಟು ಸಾರು ಬಿಟ್ಟಳು. “ಅತ್ತೆ, ಕುಂತ್ಕಂಡು ಉಣ್ಣಿ,” ಅಂದಳು.

ರುಕ್ಮಿಣಮ್ಮ ಕೂತರು. ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಇನ್ನೊಬ್ಬರಿಗೆ ಜಾಗ ಮಾಡಿದರು.

“ನೀನೂ ತಟ್ಟೆ ತಗಂಡು ಬಾ. ನಿಂತ್ಕಂಡು ನೋಡ್ಬ್ಯಾಡ.”